ಕಾಡಂಚಿನ ತಂಗುದಾಣಕ್ಕೆ ಎಷ್ಟು ದೊಡ್ಡ ಗಾಡಿ? ಹಾಸನ ಸೀಮೆಯವರಿಗೆ ಕೆಲವು ಸೂತ್ರಗಳು

ದಸರಾ ರಜೆಯೋ ಬೇಸಿಗೆ ರಜೆಯೋ ಹತ್ತಿರ ಬಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆಗಳಲ್ಲಿ ಮೊದಲು ಏಳುವ ಮಾತು "ಗಾಡಿ ಯಾವುದು ಮಾಡೋಣ?" ಎನ್ನುವುದು. ತಲೆ ಎಣಿಸುತ್ತೇವೆ, ಟೆಂಪೋ ಟ್ರಾವೆಲರೋ (ಟಿ.ಟಿ.) ಮಿನಿ ಬಸ್ಸೋ ಗೊತ್ತುಮಾಡಿ ಮುಂಗಡ ಕೊಡುತ್ತೇವೆ. ನಾಗರಹೊಳೆ, ಬಂಡೀಪುರ, ಕುದುರೆಮುಖದ ಬದಿಯಲ್ಲಿ ಉಳಿಯುವ ಜಾಗ ಹುಡುಕುವುದು ಆಮೇಲೆ. ಅಷ್ಟು ಹೊತ್ತಿಗೆ ಅರ್ಧ ಜಾಗಗಳು ನಮ್ಮ ಗಾಡಿಯ ದೆಸೆಯಿಂದಲೇ ಕೈತಪ್ಪಿರುತ್ತವೆ. ಈ ಕ್ರಮ ತಲೆಕೆಳಗಾಗಬೇಕು.

1. ಮಲಗುವ ಜಾಗ ಮೊದಲು, ಗಾಡಿ ಆಮೇಲೆ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ತಂದೆತಾಯಿಗಳು ಅಲ್ಲಿನ ಮನೆಗಾಡಿಗಳನ್ನು (ಮೋಟರ್‌ಹೋಮ್) ನೋಡಿರುತ್ತಾರೆ. ಅಲ್ಲಿ ರಾಷ್ಟ್ರೀಯ ಉದ್ಯಾನದೊಳಗೇ ಗಾಡಿ ನಿಲ್ಲಿಸಿ ಮಲಗಬಹುದು, ಆದರೆ ಉದ್ದಕ್ಕೆ ಮಿತಿಯುಂಟು. ಯೊಸೆಮಿಟಿ ಉದ್ಯಾನದ ಅಪ್ಪರ್ ಪೈನ್ಸ್ ಶಿಬಿರತಾಣದಲ್ಲಿ ಅದು 35 ಅಡಿ. ನಮ್ಮಲ್ಲಿ ಆ ಅನುಕೂಲವೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಭಯಾರಣ್ಯಕ್ಕಾಗಲಿ ರಾಷ್ಟ್ರೀಯ ಉದ್ಯಾನಕ್ಕಾಗಲಿ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಕಂಡಲ್ಲಿ ಗಾಡಿ ನಿಲ್ಲಿಸಿ ಡೇರೆ ಹಾಕುವ ಮಾತು ದೂರವೇ ಉಳಿಯಿತು. ಉಳಿಯುವುದಾದರೆ ಅರಣ್ಯ ಇಲಾಖೆಯ ಅತಿಥಿಗೃಹ, ಜಂಗಲ್ ಲಾಡ್ಜಸ್‌ನ ವಸತಿ, ಕುದುರೆಮುಖದ ಭಗವತಿ ಪ್ರಕೃತಿ ಶಿಬಿರದಂಥ ಶಿಬಿರ, ಇಲ್ಲವೇ ಕಾಡಿನ ಹೊರಗಿನ ಹೋಂಸ್ಟೇ. ಕೋಣೆ ಖಾತ್ರಿಯಾದ ಮೇಲೆ ಅಲ್ಲಿಗೆ ಹೋಗುವ ಕೊನೆಯ ಎರಡು ಮೂರು ಕಿಲೋಮೀಟರ್ ದಾರಿ ಹೇಗಿದೆ ಎಂದು ಕೇಳಿ. ಗಾಡಿ ಗೊತ್ತುಮಾಡಬೇಕಾದದ್ದು ಆ ದಾರಿಗೆ ತಕ್ಕಂತೆ.

2. ರಸ್ತೆಯ ಅಗಲ ಲೆಕ್ಕ ಹಾಕಿ

ಜನ ಉದ್ದಕ್ಕೆ ಹೆದರುತ್ತಾರೆ, ಹಳ್ಳಿ ದಾರಿಯಲ್ಲಿ ಕಾಡುವುದು ಹೆಚ್ಚಾಗಿ ಅಗಲ. ಏಕಪಥದ ರಸ್ತೆಯ ಡಾಂಬರಿನ ಅಳತೆ 3.75 ಮೀಟರ್. ಬಸ್ಸಿಗೆ ನಿಯಮ ಒಪ್ಪುವ ಗರಿಷ್ಠ ಅಗಲ 2.6 ಮೀಟರ್. ಎದುರಿಗೆ ಒಂದೂಮುಕ್ಕಾಲು ಮೀಟರ್ ಅಗಲದ ಸಾಧಾರಣ ಕಾರು ಬಂದರೂ ಎರಡೂ ಸೇರಿ 4.35 ಮೀಟರ್ ಆಗುತ್ತದೆ. ಒಂದು ಗಾಡಿ ಮಣ್ಣಿಗೆ ಇಳಿಯಲೇಬೇಕು. ಮಳೆಗಾಲದಲ್ಲಿ ಆ ಮಣ್ಣು ಕೆಸರು, ಪಕ್ಕದಲ್ಲಿ ಕಾಫಿ ತೋಟದ ಚರಂಡಿ. ಬಸ್ಸು ಒಮ್ಮೆ ವಾಲಿ ನಿಂತರೆ ಟ್ರಾಕ್ಟರ್ ಬರುವವರೆಗೆ ಎಲ್ಲರೂ ರಸ್ತೆಯಲ್ಲೇ. 7 ಮೀಟರಿನ ದ್ವಿಪಥದಲ್ಲಿ ಈ ತೊಂದರೆ ಇಲ್ಲ.

ಹಾಗಾಗಿ ಊರಿನ ಹೆಸರಿಗಿಂತ ತಂಗುದಾಣ ಹೆದ್ದಾರಿಯ ಬದಿಯಲ್ಲಿದೆಯೋ ಒಳದಾರಿಯಲ್ಲಿದೆಯೋ ಎಂಬುದು ಮುಖ್ಯ. ಬಂಡೀಪುರ ದೊಡ್ಡ ಗಾಡಿಯವರಿಗೆ ಅನುಕೂಲ: ಗುಂಡ್ಲುಪೇಟೆ–ಊಟಿ ಹೆದ್ದಾರಿಯ ಮೇಲೇ ಇದೆ, ಸಫಾರಿ ಕೌಂಟರೂ ಅದೇ ಹೆದ್ದಾರಿಯ ಮೇಲುಕಾಮನಹಳ್ಳಿಯಲ್ಲಿದೆ. ನಾಗರಹೊಳೆಯ ಕುಟ್ಟ ಕಡೆಯ ಎಸ್ಟೇಟ್ ಹೋಂಸ್ಟೇಗಳು, ಕಳಸದ ಸುತ್ತಿನ ಮನೆಗಳು ಹಾಗಲ್ಲ. ಅಲ್ಲಿ ಎಸ್ಟೇಟಿನ ಗೇಟು ಕಾರಿಗೂ ಜೀಪಿಗೂ ಇಟ್ಟದ್ದು. ಕ್ಯಾರಿಯರ್ ಮೇಲೆ ಲಗೇಜು ಕಟ್ಟಿದ ಗಾಡಿಗೆ ಸಿಲ್ವರ್ ಓಕ್ ಕೊಂಬೆಯೂ ತಗ್ಗಿದ ಕರೆಂಟಿನ ತಂತಿಯೂ ತಗುಲುತ್ತವೆ. ಒಳದಾರಿಯ ಮನೆಗೆ ಹೋಗುವುದಾದರೆ ಲಗೇಜನ್ನು ಮೇಲೆ ಕಟ್ಟಲೇಬೇಡಿ.

3. ಹನ್ನೆರಡು ಜನ ದಾಟಿದರೆ ಎರಡು ಗಾಡಿ

ಒಂದೇ ಗಾಡಿಯಲ್ಲಿ ಎಲ್ಲರೂ ಹಾಡಿಕೊಂಡು ಹೋಗುವ ಸಂತೋಷಕ್ಕೆ ಸಮ ಇಲ್ಲ, ಒಪ್ಪುತ್ತೇನೆ. ಆದರೂ ಕಾಡಿನ ಬದಿಗೆ ಹೊರಟಾಗ ನನ್ನ ಸಲಹೆ ಎರಡು ಚಿಕ್ಕ ಗಾಡಿ. 26 ಸೀಟಿನ ಟ್ರಾವೆಲರ್ ಸುಮಾರು 7 ಮೀಟರ್ ಉದ್ದ. ಇನ್ನೋವಾ ಕ್ರಿಸ್ಟಾ 4.7 ಮೀಟರ್ ಚಿಲ್ಲರೆ. ಎರಡು ಚಿಕ್ಕ ಗಾಡಿಗಳು ತೋಟದ ಅಂಗಳದಲ್ಲಿ ತಿರುಗಿಕೊಳ್ಳುತ್ತವೆ, ದೊಡ್ಡದು ರಿವರ್ಸಿನಲ್ಲೇ ಮುಖ್ಯರಸ್ತೆಗೆ ಮರಳಬೇಕು. ಮಧ್ಯರಾತ್ರಿ ಅಜ್ಜಿಗೆ ಎದೆನೋವು ಬಂದರೆ ಒಂದು ಗಾಡಿ ಆಸ್ಪತ್ರೆಗೆ ಹೊರಡಬಹುದು, ಇನ್ನೊಂದು ಮಕ್ಕಳ ಬಳಿ ಇರುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚು, ಡ್ರೈವರ್ ಬಾಟಾ ಎರಡಾಗುತ್ತದೆ. ಆ ಹಣ ದಂಡವಲ್ಲ.

4. ಘಾಟಿಯ ನಿಯಮ ಹೊರಡುವ ಹಿಂದಿನ ದಿನ ಕೇಳಿ

ಆಗುಂಬೆಯ 14 ತಿರುವುಗಳಲ್ಲಿ ಭಾರೀ ವಾಹನ ಬಿಡುವುದಿಲ್ಲ. ಮಿನಿ ಬಸ್ಸುಗಳು ಓಡುತ್ತವೆ. ಚಾರ್ಮಾಡಿ 2019ರ ಆಗಸ್ಟಿನ ಗುಡ್ಡ ಕುಸಿತದಲ್ಲಿ ಮುಚ್ಚಿತ್ತು, ಮತ್ತೆ ತೆರೆದ ಮೇಲೂ ದೊಡ್ಡ ಗಾಡಿಗಳಿಗೆ ನಿರ್ಬಂಧ ಬಂತು. ನಮ್ಮದೇ ಶಿರಾಡಿಯಲ್ಲಿ ದೋಣಿಗಾಲ್ ಬಳಿ ಮಳೆಗಾಲದಲ್ಲಿ ರಸ್ತೆ ಕುಸಿದದ್ದನ್ನು ಹಾಸನದವರಿಗೆ ಹೇಳಬೇಕಿಲ್ಲ. ಇಂಥ ಆದೇಶಗಳು ಮೊದಲು ತಟ್ಟುವುದು ಬಸ್ಸಿಗೆ, ಕಾರಿಗೆ ಕೊನೆಗೆ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೂ 2025ರ ಸೆಪ್ಟೆಂಬರಿನಿಂದ ಮುಂಗಡ ನೋಂದಣಿ ಬಂದಿದೆ, ಯಾವ ಬಗೆಯ ಗಾಡಿ ಎಂಬುದನ್ನೂ ಅಲ್ಲಿ ನೋಡುತ್ತಾರೆ.

5. ಕಾಡಿನ ಗೇಟಿನ ಗಂಟೆಗೆ ನಿಮ್ಮ ಗಾಡಿಯ ವೇಗ ಹೊಂದಿಸಿ

ಬಂಡೀಪುರದ ಹೆದ್ದಾರಿಗಳು 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತವೆ. ನಾಗರಹೊಳೆಯ ಮೂಲಕ ಕೇರಳದ ಮಾನಂದವಾಡಿಗೆ ಹೋಗುವ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ಹಾಸನದಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಅಲ್ಲಿಂದ ಬಂಡೀಪುರಕ್ಕೆ ಸುಮಾರು 80. ಕಾರಿಗೆ ಇದು ಅರ್ಧ ದಿನದ ದಾರಿ. ತುಂಬಿದ ಬಸ್ಸಿಗೆ ಕಾಫಿ, ತಿಂಡಿ, ಶೌಚಾಲಯ, ತಡವಾಗಿ ಬಂದು ಹತ್ತುವ ಇಬ್ಬರು ಎಲ್ಲ ಸೇರಿ ದಿನವೇ ಬೇಕು. ಬಸ್ಸಿನಲ್ಲಿ ಹೊರಡುವವರು ಬೆಳಗಿನ ಐದಕ್ಕೇ ಊರು ಬಿಡಲಿ.

ನಾಗರಹೊಳೆಗೆ ಹೊರಟರೆ ದಾರಿಯನ್ನೂ ಜಾಣತನದಿಂದ ಆರಿಸಿ. ಹೊಳೆನರಸೀಪುರದವರಿಗೆ ಭೇರ್ಯ, ಕೃಷ್ಣರಾಜನಗರ, ಹುಣಸೂರು. ಅರಕಲಗೂಡಿನವರಿಗೆ ಕೊಣನೂರು, ಪಿರಿಯಾಪಟ್ಟಣ. ಚನ್ನರಾಯಪಟ್ಟಣದವರಿಗೆ ಕೆ.ಆರ್. ಪೇಟೆ ಮೇಲೆ ಮೈಸೂರು. ನಾಗರಹೊಳೆಗೆ ಹಾಸನವೂ ಸೇರಿ ನಾಲ್ಕು ಊರುಗಳ ಪೈಕಿ ಅರಕಲಗೂಡು ಹತ್ತಿರ. ಅಲ್ಲಿಂದ ಹೊರಡುವವರು ಸಣ್ಣ ಗಾಡಿಯಲ್ಲೇ ನೆಮ್ಮದಿಯಾಗಿ ಹೋಗಿಬರಬಹುದು.

6. ಮೈಸೂರಿನವರೆಗೆ ರೈಲು

ಹಾಸನ–ಮೈಸೂರು ರೈಲು ಹೊಳೆನರಸೀಪುರದ ಮೇಲೇ ಹೋಗುತ್ತದೆ. ಹದಿನೈದು ಇಪ್ಪತ್ತು ಜನ ಮೈಸೂರಿನಲ್ಲಿ ಇಳಿದು ಅಲ್ಲಿಂದ ಎರಡು ಮೂರು ಕಾರು ಮಾಡಿಕೊಂಡರೆ ದೊಡ್ಡ ಗಾಡಿಯ ಗೋಜೇ ಇಲ್ಲ. ವಯಸ್ಸಾದವರಿಗೆ ಇದಕ್ಕಿಂತ ಹಿತವಾದ ಪಯಣ ಕಾಣೆ.

7. ಸಫಾರಿಗೆ ನಿಮ್ಮ ಗಾಡಿ ಲೆಕ್ಕಕ್ಕಿಲ್ಲ

ಬಂಡೀಪುರ, ನಾಗರಹೊಳೆಯ ಸಫಾರಿ ದಾರಿಗೆ ಖಾಸಗಿ ವಾಹನ ಬಿಡುವುದಿಲ್ಲ, ಅಲ್ಲಿನ ಸಫಾರಿ ಗಾಡಿಯಲ್ಲೇ ಹೋಗಬೇಕು. ನಿಮ್ಮ ಬಸ್ಸಿನ ಐವತ್ತು ಜನರಿಗೂ ಒಂದೇ ಸರದಿಯಲ್ಲಿ ಸೀಟು ಸಿಗುತ್ತದೆಂದು ನೆಚ್ಚಬೇಡಿ. 2025ರ ನವೆಂಬರಿನಲ್ಲಿ ಹುಲಿ ದಾಳಿಗಳ ನಂತರ ಎರಡೂ ಕಡೆ ಸಫಾರಿಯನ್ನೇ ನಿಲ್ಲಿಸಿದ್ದರು. ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

8. ಒಲೆ ಊರ ಬದಿಯಲ್ಲಿ ಹೊತ್ತಿಸಿ

ದೊಡ್ಡ ಗಾಡಿ ಎಂದರೆ ಗ್ಯಾಸು, ಪಾತ್ರೆ, ಅಡುಗೆಯವರು ಜೊತೆಗಿರುವುದು ನಮ್ಮ ಪದ್ಧತಿ. ಒಳ್ಳೆಯ ಪದ್ಧತಿ. ಆದರೆ ಕಾಡಿನ ರಸ್ತೆಯಂಚು ಅಡುಗೆಮನೆಯಲ್ಲ. ಬೆಂಕಿ, ಎಂಜಲು, ಪ್ಲಾಸ್ಟಿಕ್ ಮೂರೂ ಪ್ರಾಣಿಗಳ ಜೀವಕ್ಕೆ ಎರವಾಗುತ್ತವೆ. ಕಾಡಿನಲ್ಲಿ ಗಾಡಿಯಿಂದ ಇಳಿಯುವುದು ನಮಗೂ ಅಪಾಯ. 2025ರ ಆಗಸ್ಟಿನಲ್ಲಿ ಬಂಡೀಪುರದ ಕೆಕ್ಕನಹಳ್ಳ ಬಳಿ ರಸ್ತೆಗಿಳಿದು ಆನೆಯ ಜೊತೆ ಸೆಲ್ಫಿಗೆ ಹೋದವರೊಬ್ಬರು ತುಳಿತಕ್ಕೆ ಸಿಕ್ಕಿಯೂ ಬದುಕಿದರು, 25,000 ರೂಪಾಯಿ ದಂಡವನ್ನೂ ತೆತ್ತರು. ಗುಂಡ್ಲುಪೇಟೆಯಲ್ಲೋ ಹುಣಸೂರಿನಲ್ಲೋ ಅಡುಗೆ ಮುಗಿಸಿ, ಉಂಡು, ಕಸ ಕಟ್ಟಿಕೊಂಡೇ ಕಾಡಿನ ದಾರಿ ಹಿಡಿಯಿರಿ.

ನಮ್ಮ ಜಿಲ್ಲೆಯೊಳಗೂ ಎಚ್ಚರ ಬೇಕು. ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡಿನ ತೋಟಗಳಲ್ಲಿ ಆನೆ ಓಡಾಡುತ್ತದೆ. ಮನೆಗಾಡಿಯಾದರೂ ಸರಿ, ಬಸ್ಸಾದರೂ ಸರಿ, ತೋಟದಂಚಿನಲ್ಲಿ ನಿಲ್ಲಿಸಿ ಒಳಗೆ ಮಲಗಬೇಡಿ.

9. ಗಡಿ ದಾಟುವುದಾದರೆ

ವಯನಾಡಿಗೋ ಊಟಿಗೋ ಮುಂದುವರಿಯುವವರು ಬಾಡಿಗೆ ಗಾಡಿಯ ಪರ್ಮಿಟ್ ನೋಡಿ. ಸೀಟು ಹೆಚ್ಚಿದಂತೆ ಶುಲ್ಕವೂ ಹೆಚ್ಚು. ನೀಲಗಿರಿಗೆ 2024ರ ಮೇ ತಿಂಗಳಿಂದ ಇ-ಪಾಸ್ ವ್ಯವಸ್ಥೆ ಬಂದಿದೆ.

10. ಮುಂಗಡ ಕೊಡುವ ಮೊದಲು ಫೋನಿನಲ್ಲಿ ಕೇಳಿ

"ಅಣ್ಣಾ, ನಿಮ್ಮ ಗೇಟಿಗೆ ಟಿ.ಟಿ. ಬರುತ್ತಾ? ಹೋದ ಸಲ ಯಾವ ಗಾಡಿ ಬಂದಿತ್ತು? ಒಳಗೆ ತಿರುಗಿಸೋಕೆ ಜಾಗ ಇದೆಯಾ? ಮಳೆ ಬಂದರೆ ಏರು ಹತ್ತುತ್ತಾ?" ದಾರಿಯ ಫೋಟೋ ಒಂದನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಡ್ರೈವರಿಗೆ ತೋರಿಸಿ, ಅವರು ಬೇಡವೆಂದರೆ ಒತ್ತಾಯಿಸಬೇಡಿ. ಕೊನೆಗೊಂದು ಪ್ರಶ್ನೆ, ಬಹಳ ಜನ ಕೇಳುವುದೇ ಇಲ್ಲ: "ಡ್ರೈವರಿಗೆ ಮಲಗೋಕೆ ಕೋಣೆ, ಹಾಸಿಗೆ, ರಾತ್ರಿ ಊಟ ಇದೆಯಾ?" ಸೀಟಿನ ಮೇಲೆ ಮುದುಡಿ ಮಲಗಿದ ಮನುಷ್ಯನ ಕೈಗೆ ಮರುದಿನದ ಘಾಟಿಯ ತಿರುವುಗಳನ್ನು ಒಪ್ಪಿಸಬಾರದು. ಅವರಿಗೆ ಕೋಣೆ ಇಲ್ಲವೆಂದರೆ ಬೇರೆ ಮನೆ ನೋಡಿ.