ಗೋವಾ: ಮುದ್ರಿತ ವಿಶ್ವಕೋಶದಿಂದ ಮುಕ್ತ ಜಾಲತಾಣಕ್ಕೆ

ಇ-ಪುಸ್ತಕವೆಲ್ಲ ಎಲೆಕ್ಟ್ರಾನಿಕ್ ಸಾಹಿತ್ಯವಲ್ಲ. ಕಂಪ್ಯೂಟರಿಗೆಂದೇ ಹುಟ್ಟಿದ ಬರಹಕ್ಕಷ್ಟೇ ಆ ಹೆಸರು. ಅಮೆರಿಕದ ಮೈಕೆಲ್ ಜಾಯ್ಸ್ ಅವರ ‘ಆಫ್ಟರ್‌ನೂನ್, ಎ ಸ್ಟೋರಿ’ಯಲ್ಲಿ (1987) ಓದುಗ ಒತ್ತಿದ ಪದಕ್ಕೆ ತಕ್ಕಂತೆ ಕಥೆಯ ದಾರಿ ಬದಲಾಗುತ್ತದೆ. ಇಂಥ ಸಾಹಿತ್ಯಕ್ಕೆಂದೇ ಇರುವ ಎಲೆಕ್ಟ್ರಾನಿಕ್ ಲಿಟರೇಚರ್ ಆರ್ಗನೈಸೇಷನ್ ಎಂಬ ಸಂಸ್ಥೆ ಸ್ಥಾಪನೆಯಾದದ್ದು 1999ರಲ್ಲಿ.

ಗೋವಾದ ಮಟ್ಟಿಗೆ ಮರೆಯಬಾರದ್ದು ಎಲೆಕ್ಟ್ರಾನಿಕ್ ಸಾಹಿತ್ಯವಲ್ಲದಿದ್ದರೂ ಅದಕ್ಕೆ ಹತ್ತಿರವಾದ ಕೆಲಸ: ಮುದ್ರಿತ ಪುಸ್ತಕವನ್ನು ಎಲ್ಲರಿಗೂ ಮುಕ್ತವಾಗಿಸುವುದು. ಗೋವಾ ವಿಶ್ವವಿದ್ಯಾಲಯವು ನಾಲ್ಕು ಸಂಪುಟಗಳ ‘ಕೊಂಕಣಿ ವಿಶ್ವಕೋಶ’ವನ್ನು 2013ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿ, ಅದೇ ಪರವಾನಗಿಯಲ್ಲಿ ಹಂಚುವುದಾದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ವಿಶ್ವವಿದ್ಯಾಲಯವೊಂದರ ದೊಡ್ಡ ಮನಸ್ಸಿನ ನಿರ್ಧಾರವಿದು.

ಅದಾಗಿ ಎರಡು ವರ್ಷಕ್ಕೆ, 2015ರಲ್ಲಿ, ಮುಕ್ತ ಜಾಲತಾಣವಾದ ಕೊಂಕಣಿ ವಿಕಿಪೀಡಿಯ ಆರಂಭವಾಯಿತು. ಅಲ್ಲಿ ದೇವನಾಗರಿ, ರೋಮನ್ ಲಿಪಿಗಳ ಜೊತೆಗೆ ಕನ್ನಡ ಲಿಪಿಯ ಲೇಖನಗಳೂ ಇವೆ. ಮಂಗಳೂರು ಕಡೆಯ ಕೊಂಕಣಿಗರು ಬರೆಯುವುದು ಇದೇ ಲಿಪಿಯಲ್ಲಿ.