ಗುಂಡಿ ಮುಚ್ಚುವ ಮೊದಲೇ ಫೋಟೊ ತೆಗೆಯಿರಿ

ವೈಟ್‌ಫೀಲ್ಡ್ ಕಡೆ ರಾತ್ರಿ ಪಾಳಿ ಮುಗಿಸಿ ಹೊರಟ ಬೈಕ್ ಸವಾರನೊಬ್ಬ ಕೇಬಲ್‌ಗೆಂದು ಅಗೆದು ಅರ್ಧಂಬರ್ಧ ಮುಚ್ಚಿದ ಗುಂಡಿಗೆ ಚಕ್ರ ಇಳಿದು ಬಿದ್ದ ಎಂದುಕೊಳ್ಳಿ. ಅಲ್ಲಿ ಬ್ಯಾರಿಕೇಡ್ ಇಲ್ಲ, ಬೆಳಕಿಗೆ ಹೊಳೆಯುವ ಪಟ್ಟಿಯಿಲ್ಲ. ಇರುವುದು ಚೆಲ್ಲಾಡಿದ ಜಲ್ಲಿ ಅಷ್ಟೆ. ಮನೆಯವರು ಆಸ್ಪತ್ರೆಯಲ್ಲಿ ಓಡಾಡುತ್ತಿರುವಾಗಲೇ ಗುಂಡಿಗೆ ವೆಟ್‌ಮಿಕ್ಸ್ ಬಿದ್ದಿರುತ್ತದೆ. ಠಾಣೆಯ ಕಾಗದದಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ ಸ್ಕಿಡ್ ಆಗಿ ಬಿದ್ದ’ ಎಂಬ ಸಾಲು ಸೇರಿರುತ್ತದೆ. ರಸ್ತೆ ಅಗೆದವರು ಬಚಾವಾಗಲು ಆ ಒಂದು ಸಾಲು ಸಾಕು.

ಆದ್ದರಿಂದ ಯಾರಾದರೊಬ್ಬರು ಕೂಡಲೇ ಸ್ಥಳಕ್ಕೆ ಹೋಗಿ. ಪಕ್ಕದಲ್ಲೊಂದು ಹೆಲ್ಮೆಟ್ ಇಟ್ಟು, ಗುಂಡಿಯ ಆಳ ಅಗಲ ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ. ಹತ್ತಿರದ ಅಂಗಡಿಯ ಸಿಸಿಟಿವಿ ದೃಶ್ಯ ಕೇಳಿ. ದೂರನ್ನು ನಿಮ್ಮದೇ ಮಾತಿನಲ್ಲಿ ಬರೆದು, ರಸ್ತೆಯ ಸ್ಥಿತಿ, ಎಚ್ಚರಿಕೆ ಫಲಕ ಇಲ್ಲದ್ದು, ಕಾಮಗಾರಿ ಮಾಡಿದವರ ನಿರ್ಲಕ್ಷ್ಯ ಎಲ್ಲವನ್ನೂ ಸೇರಿಸಿ. ಸ್ಥಳ ಮಹಜರಿನಲ್ಲೂ ಗುಂಡಿ ದಾಖಲಾಗಲೇಬೇಕು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ 5 ವರ್ಷದವರೆಗೆ ಶಿಕ್ಷೆಯಿದೆ. ಅದು ಚಾಲಕರಿಗಷ್ಟೇ ಮೀಸಲಾದ ಕಲಮಲ್ಲ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬದ ಕಬ್ಬಿಣದ ಚೌಕಟ್ಟು ಉರುಳಿ ತಾಯಿ ಮತ್ತು ಮಗು ತೀರಿಕೊಂಡಾಗ, ಹಿಂದಿನ ದಂಡ ಸಂಹಿತೆಯ ಇಂಥದೇ ಕಲಂ ಅಡಿ ಗುತ್ತಿಗೆ ಕಂಪನಿ ಮತ್ತು ಎಂಜಿನಿಯರುಗಳ ಮೇಲೇ ಎಫ್‌ಐಆರ್ ಆಯಿತು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಡಿಸಿಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ನೇರವಾಗಿ ರಸ್ತೆಯವರನ್ನೇ ಹಿಡಿಯುತ್ತದೆ. ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರ, ಟೋಲ್ ಕಂಪನಿ ಯಾರಿಗೇ ಆಗಲಿ 1 ಲಕ್ಷ ರೂಪಾಯಿವರೆಗೆ ದಂಡ. ಒಂದು ಜೀವದ ಮುಂದೆ ಈ ಮೊತ್ತ ಏನೇನೂ ಅಲ್ಲ. ಮೇಲಾಗಿ ಅದು ಅಪಘಾತ ನಿಧಿಗೆ ಹೋಗುತ್ತದೆ, ಮನೆಯವರ ಕೈಗಲ್ಲ. ಆದರೂ ಕಂಪನಿಯ ತಪ್ಪು ಸಾಬೀತಾದರೆ ಪರಿಹಾರದ ದಾವೆಗೆ ಬಲ ಬರುತ್ತದೆ.

ಯಾರ ರಸ್ತೆ ಎಂಬುದೇ ದೊಡ್ಡ ತಲೆನೋವು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆ ಹೆದ್ದಾರಿ ಪ್ರಾಧಿಕಾರದ ಟೋಲ್ ರಸ್ತೆ. ಕೆಳಗಿಳಿದು ಕೈಗಾರಿಕಾ ಪ್ರದೇಶದೊಳಗೆ ಹೋದರೆ ಅಲ್ಲಿಯ ಟೌನ್‌ಶಿಪ್ ಪ್ರಾಧಿಕಾರ ಎಲ್ಸಿಟಾ. ಬೇರೆಡೆ ಪಾಲಿಕೆಯ ರಸ್ತೆಯನ್ನು ಜಲಮಂಡಳಿಯೋ ಬೆಸ್ಕಾಂ ಗುತ್ತಿಗೆದಾರನೋ ಅಗೆದಿರಬಹುದು. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕಾರ್ಯಾದೇಶ, ರಸ್ತೆ ಅಗೆಯಲು ಕೊಟ್ಟ ಅನುಮತಿ, ದೋಷ ಹೊಣೆಗಾರಿಕೆ ಅವಧಿ ಇಷ್ಟನ್ನೂ ಕೇಳಿ. ಅರ್ಜಿ 150 ಪದ ಮೀರದಿರಲಿ, 30 ದಿನದಲ್ಲಿ ಉತ್ತರ ಬರಬೇಕು. ‘ಗುತ್ತಿಗೆ ಕೊಟ್ಟಿದ್ದೇವೆ, ನಮಗೆ ಸಂಬಂಧವಿಲ್ಲ’ ಎಂಬ ಮಾತಿಗೆ ಮಣಿಯಬೇಡಿ, ನೋಟಿಸನ್ನು ಇಬ್ಬರಿಗೂ ಕೊಡಿ. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕು, ಗುಂಡಿಯಿಂದ ಹಾನಿಯಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟ್ 2019ರ ಜುಲೈ 31ರಂದೇ ಹೇಳಿದೆ.

ಇನ್ನು ಹಣದ ದಾರಿ. ಗುಂಡಿ ತಪ್ಪಿಸಲು ಹೋಗಿ ಲಾರಿಗೆ ಸಿಕ್ಕಿದ್ದರೆ, ಲಾರಿ ಚಾಲಕನ ತಪ್ಪೂ ಇದ್ದಲ್ಲಿ, ಮೋಟಾರು ಅಪಘಾತ ನ್ಯಾಯಮಂಡಳಿಗೆ ಅರ್ಜಿ ಹಾಕಿ. ಕಾಯ್ದೆಯ ಗಡುವು 6 ತಿಂಗಳು, ತಡ ಮಾಡಬೇಡಿ. ಒಬ್ಬನೇ ಬಿದ್ದಿದ್ದರೆ ಸಿವಿಲ್ ದಾವೆ ಅಥವಾ ಹೈಕೋರ್ಟ್ ರಿಟ್. ಸಾವಿನ ಪ್ರಕರಣದಲ್ಲಿ ದಾವೆಗೆ 2 ವರ್ಷ ಕಾಲಾವಕಾಶವಿದೆ, ಸರ್ಕಾರದ ವಿರುದ್ಧವಾದರೆ 2 ತಿಂಗಳ ಮುಂಚೆ ನೋಟಿಸ್ ಬೇಕು. ಮಾಲೀಕನೇ ಓಡಿಸುತ್ತಿದ್ದು, ಲೈಸೆನ್ಸ್ ಮತ್ತು ವೈಯಕ್ತಿಕ ಅಪಘಾತ ವಿಮೆ ಇದ್ದರೆ 15 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ. ಎಷ್ಟೋ ಮನೆಗಳಲ್ಲಿ ಆ ಪಾಲಿಸಿಯನ್ನು ತೆಗೆದು ನೋಡುವುದೇ ಇಲ್ಲ.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಪೀಣ್ಯದಂಥ ಕಡೆ ದುಡಿಯುವ ಕೈಗಾರಿಕಾ ಕಾರ್ಮಿಕರಿಗೆ ಮತ್ತು ಎಲ್ಲ ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ. ಕರೆ ಮಾಡಬೇಕಾದ ಸಂಖ್ಯೆ 15100.