ಸುರಕ್ಷಿತ ತರಗತಿ: ನೋಡುತ್ತ ಕುಳಿತವರ ಪಾಲು

ಸುರಕ್ಷಿತ ಕಾಲೇಜು ಎಂದರೇನು ಎಂದು ಕೇಳಿದರೆ ನಾವು ಕಾಂಪೌಂಡ್ ಗೋಡೆ, ಗೇಟಿನ ವಾಚ್‌ಮನ್, ಸಿಸಿಟಿವಿ ಕ್ಯಾಮೆರಾ ಎಂದು ಹೇಳುತ್ತೇವೆ. ನಮ್ಮಲ್ಲಿ ಈ ಮೂರೂ ಇವೆ. ಆದರೂ ಕಳೆದ ವರ್ಷ ಪ್ರಥಮ ಪಿಯುಸಿ ವಾಣಿಜ್ಯ ವಿಭಾಗದ ಒಬ್ಬ ವಿದ್ಯಾರ್ಥಿನಿಗೆ ನಮ್ಮ ತರಗತಿ ಸುರಕ್ಷಿತವಾಗಿರಲಿಲ್ಲ. ಅವಳನ್ನು ಯಾರೂ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ನಕ್ಕೆವು, ಅಷ್ಟೇ. ನಕ್ಕವರಲ್ಲಿ ನಾನೂ ಒಬ್ಬಳು.

ಅವಳು ಹಳ್ಳಿಯಿಂದ ಬಸ್ಸಿನಲ್ಲಿ ಬರುವವಳು. ನಮ್ಮ ಭಾಗದ ನದಾಫ್ ಮನೆಗಳಲ್ಲಿ ಕನ್ನಡವೇ ಮನೆಮಾತು. ಅವಳದೂ ಅಂಥ ಮನೆ. ನಮ್ಮ ತರಗತಿಯಲ್ಲಿ ಹೆಚ್ಚಿನವರು ಮನೆಯಲ್ಲಿ ಉರ್ದು ಮಾತನಾಡುವವರು. "ಮುಸಲ್ಮಾನಳಾಗಿ ಉರ್ದು ಬರಂಗಿಲ್ಲ?" ಎಂದು ಮೊದಲ ವಾರವೇ ಯಾರೋ ಕೇಳಿದರು. ಪಾಪ, ಅವಳು ಪ್ರಯತ್ನ ಮಾಡಿದಳು. ಉರ್ದುವಿನಲ್ಲಿ ನಿರ್ಜೀವ ವಸ್ತುವಿಗೂ ಲಿಂಗವಿದೆ: ರೋಟಿ ಸ್ತ್ರೀಲಿಂಗ, ಪಾನಿ ಪುಲ್ಲಿಂಗ. ಏಕೆ ಹಾಗೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅವಳು ಒಂದು ವಾಕ್ಯದಲ್ಲಿ ತಪ್ಪಿದಳು. ಆ ವಾಕ್ಯವೇ ಅವಳ ಅಡ್ಡಹೆಸರಾಯಿತು. ಸೂರಃ ಅಲ್-ಹುಜುರಾತ್‌ನ 11ನೇ ಆಯತ್ ಅಪಹಾಸ್ಯವನ್ನೂ ಕೆಟ್ಟ ಅಡ್ಡಹೆಸರುಗಳನ್ನೂ ತಡೆಯುತ್ತದೆ ಎಂದು ಚಿಕ್ಕಂದಿನಲ್ಲೇ ಕಲಿತವರು ನಾವು.

ಇನ್ನೊಂದು ವಿಷಯವನ್ನೂ ಒಪ್ಪಿಕೊಳ್ಳಬೇಕು. ಎಂಟನೇ ತರಗತಿಯಲ್ಲಿ ನಾನು "ಪುಸ್ತಕ ಹಾಲು ಮಾಡಬೇಡ" ಎಂದಿದ್ದೆ. ಹಾಳು ಎನ್ನಲು ನನ್ನ ನಾಲಿಗೆ ಹೊರಳಿರಲಿಲ್ಲ. ಇಡೀ ತರಗತಿ ನಕ್ಕಿತು. ಆ ವರ್ಷವೆಲ್ಲ ಕನ್ನಡದ ಪೀರಿಯಡ್‌ನಲ್ಲಿ ನಾನು ಕೈ ಎತ್ತಲಿಲ್ಲ. ಮರುದಿನ ಹೊಟ್ಟೆನೋವು ಎಂದು ಅಮ್ಮಿಗೆ ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಇದೆಲ್ಲ ನೆನಪಿದ್ದೂ ನಾನು ನಕ್ಕೆ.

ಕೆಲವು ವಾರಗಳಲ್ಲಿ ಅವಳು ಕೊನೆಯ ಬೆಂಚಿಗೆ ಹೋದಳು. ಅಕೌಂಟೆನ್ಸಿಯಲ್ಲಿ ಸಂದೇಹ ಕೇಳುವುದನ್ನು ಬಿಟ್ಟಳು. ಡಬ್ಬಿಯನ್ನು ಲೈಬ್ರರಿಯ ಪಡಸಾಲೆಯಲ್ಲಿ ಒಬ್ಬಳೇ ಕುಳಿತು ಬಿಚ್ಚುತ್ತಿದ್ದಳು. ಆಮೇಲೆ ರಜೆಗಳು ಶುರುವಾದವು. ಡಿಸೆಂಬರ್‌ನಲ್ಲಿ ಹಾಜರಾತಿ ಕೊರತೆಯವರ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದಾಗ ಅವಳ ಹೆಸರು ಅದರಲ್ಲಿತ್ತು. ಪಿಯುಸಿಯಲ್ಲಿ ಶೇ. 75 ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ನಮ್ಮ ಒಂದು ನಗುವಿಗೆ ಅವಳ ಒಂದು ವರ್ಷದ ಬೆಲೆ ಇತ್ತು.

ಇಷ್ಟು ಜನ ಒಳ್ಳೆಯ ಹುಡುಗಿಯರಿದ್ದರೂ ಯಾರೂ ಏಕೆ ತಡೆಯಲಿಲ್ಲ? ಇದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಪ್ರಸಿದ್ಧ ಪ್ರಯೋಗವಿದೆ. 1968ರಲ್ಲಿ ಅಮೆರಿಕದ ಜಾನ್ ಡಾರ್ಲಿ ಮತ್ತು ಬಿಬ್ ಲತಾನೆ ಇದನ್ನು ಪ್ರಕಟಿಸಿದರು. ನ್ಯೂಯಾರ್ಕ್‌ನ ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಮೈಕ್ ಮೂಲಕ ಮಾತನಾಡಲು ಹೇಳಿದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿ ಕೇಳಿಸಿದರು. ಅದು ಮೊದಲೇ ರೆಕಾರ್ಡ್ ಮಾಡಿಟ್ಟ ಧ್ವನಿ. ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85 ಜನ ಧ್ವನಿ ನಿಲ್ಲುವುದರೊಳಗೆ ಎದ್ದು ಹೋಗಿ ತಿಳಿಸಿದರು. ತನ್ನ ಜೊತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಮಾಡಿದವರು ಶೇ. 31 ಮಾತ್ರ. ಏಳದವರು ಕಲ್ಲುಮನಸ್ಸಿನವರಾಗಿರಲಿಲ್ಲ. ಅವರ ಕೈಗಳು ನಡುಗುತ್ತಿದ್ದವು ಎಂದು ಸಂಶೋಧಕರು ಬರೆದಿದ್ದಾರೆ. ಬೇರೆ ಯಾರಾದರೂ ಹೋಗುತ್ತಾರೆ ಎಂದು ಪ್ರತಿಯೊಬ್ಬನೂ ಕಾದ. ನಮ್ಮ ತರಗತಿಯಲ್ಲಿ ಅರವತ್ತಕ್ಕೂ ಹೆಚ್ಚು ಜನರಿದ್ದೇವೆ. ಲೆಕ್ಕ ನೀವೇ ಹಾಕಿ.

ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಲ್ಲಿ ಅವರು ಇದೇ ಪ್ರಶ್ನೆಯನ್ನು ಶಾಲೆಯೊಳಗೆ ತಂದರು. ಪೀಡಿಸುವವರು ಮತ್ತು ಪೀಡನೆಗೆ ಒಳಗಾಗುವವರು ಮಾತ್ರವಲ್ಲ, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ಪರವಾಗಿ ನಿಲ್ಲುವವರು ಎಂದು ಉಳಿದವರಿಗೂ ಒಂದೊಂದು ಪಾತ್ರವಿದೆ ಎಂದು ಅವರು ತೋರಿಸಿದರು. ಅದರ ಮೇಲೆ ರೂಪಿಸಿದ ಕಿವ ಎಂಬ ಕಾರ್ಯಕ್ರಮವನ್ನು 2009ರಿಂದ ಆ ದೇಶದ ಶಾಲೆಗಳಿಗೆ ವ್ಯಾಪಕವಾಗಿ ತರಲಾಯಿತು. ಅದರಲ್ಲಿ ನನಗೆ ಹಿಡಿಸಿದ ಒಂದು ಕ್ರಮವಿದೆ. ತರಗತಿಯಲ್ಲಿ ಎಲ್ಲರೂ ಇಷ್ಟಪಡುವ ಎರಡು ಮೂರು ಮಕ್ಕಳನ್ನು ಶಿಕ್ಷಕರು ಪ್ರತ್ಯೇಕವಾಗಿ ಕರೆದು, ನೊಂದ ಮಗುವಿನ ಜೊತೆ ನಿಲ್ಲುವಂತೆ ಕೇಳಿಕೊಳ್ಳುತ್ತಾರೆ. ಭಾಷಣವಿಲ್ಲ, ಪೋಸ್ಟರ್ ಸ್ಪರ್ಧೆಯೂ ಇಲ್ಲ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಕರ್ನಾಟಕ ಶಿಕ್ಷಣ ಕಾಯ್ದೆ, 1983ರಲ್ಲಿ ರ್‍ಯಾಗಿಂಗ್‌ಗೆ ಶಿಕ್ಷೆಯಿದೆ. ಬೆದರಿಸಿ ಅಥವಾ ಬಲವಂತ ಮಾಡಿ ಒಬ್ಬ ವಿದ್ಯಾರ್ಥಿಯನ್ನು ನಗೆಪಾಟಲು ಮಾಡುವುದು ಅದರಲ್ಲಿ ಬರುತ್ತದೆ, ತಮಾಷೆಗೆ ಮಾಡಿದೆವು ಎಂದರೂ ಬಿಡುವುದಿಲ್ಲ. ನಾವು ಮಾಡಿದ್ದರಲ್ಲಿ ಬೆದರಿಕೆ ಇರಲಿಲ್ಲ, ಬಲವಂತವೂ ಇರಲಿಲ್ಲ. ಅಂಥ ನಗುವಿಗೆ ಕಾಯ್ದೆಯ ಕೈ ಎಟುಕುವುದು ಕಷ್ಟ. ಆದರೆ ಯಾರಾದರೂ ಮೈ ಮುಟ್ಟಿ ಅಥವಾ ಫೋನಿನಲ್ಲಿ ಅಸಹ್ಯವಾಗಿ ಕಾಡಿದರೆ ಅದು ಬೇರೆಯೇ ವಿಷಯ. ಹದಿನೆಂಟು ತುಂಬದವರನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸಲು 2012ರ ಪೋಕ್ಸೊ ಕಾಯ್ದೆ ಇದೆ, ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಉಚಿತ. ಅಂಥದ್ದನ್ನು ಗೆಳತಿಯರೊಳಗೇ ಬಗೆಹರಿಸಲು ಹೋಗಬಾರದು.

ಈಗ ನಮ್ಮ ಬಿಸಿನೆಸ್ ಸ್ಟಡೀಸ್ ಪಾಠಕ್ಕೆ ಬರೋಣ. ದ್ವಿತೀಯ ಪಿಯುಸಿಯಲ್ಲಿ ಹೆನ್ರಿ ಫೇಯಾಲ್ ಅವರ 14 ತತ್ವಗಳನ್ನು ಓದುತ್ತೇವೆ. ಅದರಲ್ಲಿ ಒಂದು ಸ್ಕೇಲಾರ್ ಚೈನ್, ಅಂದರೆ ಮೇಲಿನಿಂದ ಕೆಳಗಿನವರೆಗಿನ ಅಧಿಕಾರದ ಸರಪಳಿ. ಮಾತು ಆ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಹತ್ತಿ ಹೋಗಬೇಕು. ತುರ್ತಿದ್ದಾಗ ನೇರವಾಗಿ ದಾಟಲು ಅವರೇ ಗ್ಯಾಂಗ್ ಪ್ಲ್ಯಾಂಕ್ ಎಂಬ ಹಲಗೆ ಹಾಕಿಕೊಟ್ಟಿದ್ದಾರೆ. ನಮ್ಮ ಸರಪಳಿ ನೋಡಿ: ವಿದ್ಯಾರ್ಥಿನಿ, ಕ್ಲಾಸ್ ಲೀಡರ್, ಕ್ಲಾಸ್ ಟೀಚರ್, ಪ್ರಾಂಶುಪಾಲರು. ನಮ್ಮ ಲೀಡರ್ ನಕ್ಕವರ ಮುಂಚೂಣಿಯಲ್ಲೇ ಇದ್ದಳು. ಮೊದಲ ಕೊಂಡಿಯೇ ಮುಚ್ಚಿತ್ತು. ದೂರು ಪೆಟ್ಟಿಗೆ ಒಂದಿತ್ತು. ಅದು ಆಫೀಸಿನ ಎದುರು, ಸಿಸಿಟಿವಿ ಕ್ಯಾಮೆರಾದ ಕೆಳಗೆ ಇತ್ತು! ಚೀಟಿ ಹಾಕುವವಳನ್ನು ಫೀಸು ಕಟ್ಟಲು ನಿಂತವರೆಲ್ಲ ನೋಡುತ್ತಿದ್ದರು. ಆ ಪೆಟ್ಟಿಗೆಯಲ್ಲಿ ಚೀಟಿ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ಪಟ್ಟಿ ಬಂದ ದಿನ ನಾನು ಮತ್ತು ಇಬ್ಬರು ಗೆಳತಿಯರು ನೇರವಾಗಿ ಕನ್ನಡ ಮೇಡಂ ಹತ್ತಿರ ಹೋದೆವು. ನಮ್ಮ ಹಲಗೆ ಅವರೇ. ಅವರು ಯಾರನ್ನೂ ನಿಲ್ಲಿಸಿ ಬೈಯಲಿಲ್ಲ. "ನಾಳೆಯಿಂದ ನೀವು ಎಲ್ಲಿ ಕೂರ್‍ತೀರಿ?" ಎಂದಷ್ಟೇ ಕೇಳಿದರು. ನಾವು ಕೊನೆಯ ಬೆಂಚಿಗೆ ಹೋದೆವು. ನಾನು ಅವಳಲ್ಲಿ ಕ್ಷಮೆ ಕೇಳಿದೆ. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. "ನೀ ಭಾಳ ಜೋರಾಗಿ ನಕ್ಕಿದ್ದಿ" ಎಂದಳು. ಆಮೇಲೆ ನಾವು ಮಾಡಿದ್ದು ಸಣ್ಣದು: ಯಾರಾದರೂ ಅಡ್ಡಹೆಸರು ಕೂಗಿದರೆ ನಗುತ್ತಿರಲಿಲ್ಲ, ಅವಳನ್ನು ಸ್ವಂತ ಹೆಸರಿನಿಂದ ಕರೆದು ಮಾತು ಮುಂದುವರಿಸುತ್ತಿದ್ದೆವು. ಮೊದಲ ವಾರ ನಮ್ಮನ್ನೂ ಸೇರಿಸಿ ಚುಚ್ಚಿದರು. ಅದು ಸುಲಭವಾಗಿರಲಿಲ್ಲ, ಒಂದು ದಿನ ನಾನು ಜಾಗ ಬದಲಿಸಲೂ ಯೋಚಿಸಿದೆ. ಮೂರನೇ ವಾರಕ್ಕೆ ಆ ಜೋಕು ತರಗತಿಯಲ್ಲಿ ಓಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಈಗಲೂ ಆಗಾಗ ಕೇಳಿಸುತ್ತದೆ.

ಅವಳು ಆಮೇಲೆ ಒಂದು ದಿನವೂ ರಜೆ ಹಾಕದೆ ಹಾಜರಾತಿ ಸರಿಮಾಡಿಕೊಂಡು ಪರೀಕ್ಷೆ ಬರೆದಳು. ಈಗ ದ್ವಿತೀಯ ಪಿಯುಸಿಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾಳೆ. ದೂರು ಪೆಟ್ಟಿಗೆ ಈ ಜೂನ್‌ನಿಂದ ಲೈಬ್ರರಿಯೊಳಗೆ, ಹಳೆಯ ಪ್ರಶ್ನೆಪತ್ರಿಕೆಗಳ ಕಪಾಟಿನ ಪಕ್ಕದಲ್ಲಿದೆ. ಕೀಲಿ ಕನ್ನಡ ಮೇಡಂ ಮತ್ತು ಗ್ರಂಥಪಾಲಕರ ಬಳಿ ಇರುತ್ತದೆ. ಚೀಟಿಯಲ್ಲಿ ನಿಮ್ಮ ಹೆಸರು ಬರೆಯಬೇಕಾಗಿಲ್ಲ, ತರಗತಿ ಬರೆದರೆ ಸಾಕು. ಈ ಲೇಖನ ಬರೆಯಲು ಅವಳ ಒಪ್ಪಿಗೆ ಕೇಳಿದಾಗ ತನ್ನ ಹೆಸರೂ ಆ ಅಡ್ಡಹೆಸರೂ ಬರಬಾರದು ಎಂದಳು. ಬರೆದದ್ದನ್ನು ಅವಳಿಗೇ ಮೊದಲು ಕೊಟ್ಟೆ. ಹಾಳು ಎಂಬಲ್ಲಿ ನಾನು ಮತ್ತೆ ಹಾಲು ಎಂದೇ ಬರೆದಿದ್ದೆ. ಅವಳು ನಗದೆ ತಿದ್ದಿದಳು, ಆಮೇಲೆ ಇಬ್ಬರೂ ನಕ್ಕೆವು.